ಹಿಚ್‌ಹೈಕರ್ಸ್ ಗೈಡ್: ಪುಟದ ನಗು ತೆರೆಯ ಮೇಲೆ ಉಳಿಯಿತೆ?

ಮೆಚ್ಚಿದ ಕಾದಂಬರಿ ಸಿನಿಮಾ ಆಗುತ್ತದೆ ಎಂಬ ಸುದ್ದಿ ಓದುಗನಿಗೆ ಸಂತೋಷವನ್ನೂ ಆತಂಕವನ್ನೂ ಒಟ್ಟಿಗೇ ತರುತ್ತದೆ. ಆ ಕಾದಂಬರಿ ಹಾಸ್ಯದ್ದಾದರೆ ಆತಂಕ ಇಮ್ಮಡಿಯಾಗುತ್ತದೆ. ದುಃಖದ ಪ್ರಸಂಗವನ್ನು ಹೇಗೆ ತೋರಿಸಿದರೂ ಒಂದಿಷ್ಟು ದುಃಖ ಉಳಿದೇ ಉಳಿಯುತ್ತದೆ. ನಗೆಯ ಮಾತು ಹಾಗಲ್ಲ. ಒಂದು ಪದ ಆಚೀಚೆ ಆದರೂ, ಅರೆಕ್ಷಣ ತಡವಾದರೂ ಅದು ಸತ್ತುಹೋಗುತ್ತದೆ. ಇನ್ನು ಆ ಹಾಸ್ಯ ಕಾದಂಬರಿ ಗ್ರಹ, ನಕ್ಷತ್ರ, ರೋಬೋಟ್, ಅಂತರಿಕ್ಷ ನೌಕೆಗಳ ಲೋಕದಲ್ಲಿ ನಡೆಯುವಂಥದ್ದಾಗಿದ್ದರೆ ಚಿತ್ರ ತೆಗೆಯುವವರ ಪಾಡು ಹೇಳತೀರದು.

ಇಂಗ್ಲಿಷ್ ಲೇಖಕ ಡಗ್ಲಸ್ ಆಡಮ್ಸ್ ಅವರ 'ದಿ ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ' ಈ ಮಾತಿಗೆ ಅತ್ಯಂತ ಒಳ್ಳೆಯ ನಿದರ್ಶನ. 2005ರ ಏಪ್ರಿಲ್ 28ರಂದು ಬ್ರಿಟನ್‌ನಲ್ಲಿ, ಮರುದಿನ ಅಮೆರಿಕದಲ್ಲಿ ತೆರೆಕಂಡ ಅದರ ಚಿತ್ರರೂಪಕ್ಕಾಗಿ ಅಭಿಮಾನಿಗಳು ಎರಡು ದಶಕಗಳಿಗೂ ಹೆಚ್ಚು ಕಾಲ ಕಾದಿದ್ದರು. ಚಿತ್ರ ಬಂದಾಗ ಅವರಲ್ಲಿ ಒಂದು ಗುಂಪು ಕಣ್ಣೀರು ಒರೆಸಿಕೊಂಡು ಚಪ್ಪಾಳೆ ತಟ್ಟಿತು. ಇನ್ನೊಂದು ಗುಂಪು ತಮ್ಮ ಪುಸ್ತಕವನ್ನು ಯಾರೋ ಕದ್ದು ಕೆಡಿಸಿದರೆಂದು ಸಿಟ್ಟಾಯಿತು. ಎರಡು ಗುಂಪುಗಳೂ ಪ್ರೀತಿಸಿದ್ದು ಒಂದೇ ಪುಸ್ತಕವನ್ನು. ಹಾಗಿದ್ದೂ ಅಭಿಪ್ರಾಯ ಇಷ್ಟೊಂದು ಒಡೆದದ್ದು ಏಕೆ ಎಂಬ ಪ್ರಶ್ನೆಗೆ ಉತ್ತರ ಹುಡುಕಿದರೆ, ಪುಸ್ತಕದ ನಗು ಎಲ್ಲಿಂದ ಹುಟ್ಟುತ್ತದೆ ಎಂಬುದೂ ತಿಳಿಯುತ್ತದೆ.

ಕಥೆಯ ಹಂದರ

ಆರ್ಥರ್ ಡೆಂಟ್ ಎಂಬ ಸಾಧಾರಣ ಇಂಗ್ಲಿಷ್ ಗೃಹಸ್ಥ ಒಂದು ಬೆಳಿಗ್ಗೆ ಎದ್ದು ನೋಡಿದರೆ ಮನೆಯ ಮುಂದೆ ಬುಲ್ಡೋಜರ್ ನಿಂತಿದೆ. ಬೈಪಾಸ್ ರಸ್ತೆಗಾಗಿ ಅವನ ಮನೆಯನ್ನು ಕೆಡವಬೇಕಾಗಿದೆ. ಯೋಜನೆಯ ನಕ್ಷೆಯನ್ನು ಬಹಳ ದಿನಗಳ ಹಿಂದೆಯೇ ಸಾರ್ವಜನಿಕರ ಅವಗಾಹನೆಗೆ ಇಡಲಾಗಿತ್ತೆಂದು ಅಧಿಕಾರಿ ಸಮಜಾಯಿಷಿ ನೀಡುತ್ತಾನೆ. ಇತ್ತ ಆರ್ಥರ್ ಕೆಸರಿನಲ್ಲಿ ಅಡ್ಡ ಮಲಗಿ ಪ್ರತಿಭಟಿಸುತ್ತಿರುವಾಗಲೇ ಅತ್ತ ಆಕಾಶದಲ್ಲಿ ವೋಗನ್ ಎಂಬ ಅನ್ಯಗ್ರಹದ ಅಧಿಕಾರಿಗಳ ನೌಕೆಗಳು ಬಂದು ನಿಲ್ಲುತ್ತವೆ. ಅಂತರಿಕ್ಷದ ಹೆದ್ದಾರಿಗಾಗಿ ಇಡೀ ಭೂಮಿಯನ್ನೇ ಕೆಡವಬೇಕಾಗಿದೆಯಂತೆ. ಅದರ ನಕ್ಷೆಯೂ ಸಮೀಪದ ನಕ್ಷತ್ರ ಮಂಡಲದ ಕಚೇರಿಯಲ್ಲಿ ಐವತ್ತು ವರ್ಷಗಳಿಂದ ಪ್ರದರ್ಶನಕ್ಕಿತ್ತಂತೆ! ಆಕ್ಷೇಪಣೆ ಸಲ್ಲಿಸುವ ಕಾಲ ಮುಗಿದಿದೆ.

ಭೂಮಿ ನಾಶವಾಗುವ ಕ್ಷಣದಲ್ಲಿ ಆರ್ಥರ್‌ನನ್ನು ಪಾರು ಮಾಡುವವನು ಅವನ ಗೆಳೆಯ ಫೋರ್ಡ್ ಪ್ರಿಫೆಕ್ಟ್. ಆತ ನಿಜಕ್ಕೂ ಬೇರೆ ಗ್ರಹದವನು. ಅಂತರಿಕ್ಷದ ಅಲೆಮಾರಿಗಳಿಗೆಂದು ಸಿದ್ಧವಾಗುತ್ತಿರುವ ಒಂದು ಪ್ರವಾಸಿ ಕೈಪಿಡಿಯ ವರದಿಗಾರ. ಮುಂದೆ ಎರಡು ತಲೆಯ ಬ್ರಹ್ಮಾಂಡಾಧ್ಯಕ್ಷ ಜಾಫೋಡ್ ಬೀಬಲ್‌ಬ್ರಾಕ್ಸ್, ಭೂಮಿಯಿಂದಲೇ ಹೋದ ಟ್ರಿಲಿಯನ್ ಎಂಬ ಯುವತಿ, ಸದಾ ಖಿನ್ನನಾಗಿರುವ ಮಾರ್ವಿನ್ ಎಂಬ ರೋಬೋಟ್ ಜೊತೆಗೂಡುತ್ತಾರೆ. ಜೀವನದ ಪರಮ ಪ್ರಶ್ನೆಗೆ ಮಹಾ ಗಣಕಯಂತ್ರವೊಂದು 75 ಲಕ್ಷ ವರ್ಷ ಲೆಕ್ಕ ಹಾಕಿ 42 ಎಂಬ ಉತ್ತರ ಕೊಡುವುದು, ಆದರೆ ಪ್ರಶ್ನೆ ಏನೆಂಬುದೇ ಯಾರಿಗೂ ತಿಳಿಯದಿರುವುದು ಈ ಕಥೆಯ ಅತ್ಯಂತ ಪ್ರಸಿದ್ಧ ಪ್ರಸಂಗ. ರಸ್ತೆ ಅಗಲೀಕರಣದ ನೋಟಿಸು ಕೈಗೆ ಬಂದ ಮೇಲಷ್ಟೇ ನಕ್ಷೆಯ ವಿಷಯ ತಿಳಿದುಕೊಂಡ ಯಾವ ಊರಿನ ಜನರಿಗೂ ಈ ಕಥೆಯ ವ್ಯಂಗ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಕಿವಿಗೆ, ಆಮೇಲೆ ಕಣ್ಣಿಗೆ

ಇದು ಮೂಲತಃ ಕಾದಂಬರಿಯೇ ಅಲ್ಲ ಎಂಬುದನ್ನು ಅನೇಕರು ಮರೆಯುತ್ತಾರೆ. 1978ರ ಮಾರ್ಚ್ 8, ಬುಧವಾರ ರಾತ್ರಿ ಹತ್ತೂವರೆ ಗಂಟೆಗೆ ಬಿಬಿಸಿ ರೇಡಿಯೊ 4 ವಾಹಿನಿಯಲ್ಲಿ ಇದು ಬಾನುಲಿ ನಾಟಕವಾಗಿ ಆರಂಭವಾಯಿತು. ಹೆಚ್ಚು ಕೇಳುಗರು ಇಲ್ಲದ ಹೊತ್ತಿನಲ್ಲಿ, ಹೆಚ್ಚಿನ ಪ್ರಚಾರವೂ ಇಲ್ಲದೆ ಬಂದ ಈ ಸರಣಿ ಬಾಯಿಂದ ಬಾಯಿಗೆ ಹಬ್ಬಿ ಜನಪ್ರಿಯವಾಯಿತು. ಕೈಪಿಡಿಯ ಧ್ವನಿಯಾಗಿ ಪೀಟರ್ ಜೋನ್ಸ್, ಆರ್ಥರ್ ಆಗಿ ಸೈಮನ್ ಜೋನ್ಸ್, ಮಾರ್ವಿನ್ ಆಗಿ ಸ್ಟೀಫನ್ ಮೂರ್ ಕೇಳುಗರ ಮನಸ್ಸಿನಲ್ಲಿ ನೆಲೆಸಿದರು.

1979ರ ಅಕ್ಟೋಬರ್‌ನಲ್ಲಿ ಪ್ಯಾನ್ ಬುಕ್ಸ್ ಸಂಸ್ಥೆ ಕಾದಂಬರಿಯನ್ನು ಹೊರತಂದಿತು. ಮೊದಲ ಮೂರೇ ತಿಂಗಳಲ್ಲಿ ಎರಡೂವರೆ ಲಕ್ಷ ಪ್ರತಿಗಳು ಖರ್ಚಾದವು. 1980, 1982, 1984 ಹಾಗೂ 1992ರಲ್ಲಿ ಮುಂದಿನ ನಾಲ್ಕು ಭಾಗಗಳು ಬಂದವು. ಗಡುವು ಮೀರುವುದರಲ್ಲಿ ಆಡಮ್ಸ್ ಹೆಸರಾದವರು. ಮೊದಲ ಕಾದಂಬರಿಯನ್ನು ಬರೆಯುತ್ತಿದ್ದಾಗ ಪ್ರಕಾಶಕರ ತಾಳ್ಮೆ ಕೆಟ್ಟು, ಈಗ ಬರೆಯುತ್ತಿರುವ ಪುಟವನ್ನು ಮುಗಿಸಿ ಇದ್ದಷ್ಟನ್ನು ಕಳುಹಿಸಿಕೊಡಿ ಎಂದರೆಂದು ಅವರೇ ನಗುತ್ತ ಹೇಳಿಕೊಳ್ಳುತ್ತಿದ್ದರು. ಮೊದಲ ಆರು ಬಾನುಲಿ ಕಂತುಗಳ ಪೈಕಿ ನಾಲ್ಕರ ಕಥೆ ಮಾತ್ರ ಆ ಪುಸ್ತಕದಲ್ಲಿದ್ದು, ಅದು ಥಟ್ಟನೆ ನಿಂತುಬಿಡುತ್ತದೆ. ಸಿನಿಮಾಕ್ಕೆ ಬೇಕಾದಂಥ ಅಂತ್ಯವೊಂದು ಅದರಲ್ಲಿ ಇಲ್ಲವೇ ಇಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ರೂಪಾಂತರಗಳು ಅಲ್ಲಿಗೇ ನಿಲ್ಲಲಿಲ್ಲ. 1979ರಲ್ಲಿ ಕೆನ್ ಕ್ಯಾಂಪ್‌ಬೆಲ್ ಲಂಡನ್ನಿನಲ್ಲಿ ಇದನ್ನು ರಂಗಕ್ಕೆ ತಂದರು. ಗಾಳಿಯ ಒತ್ತಡದಿಂದ ತೇಲುವ ವೇದಿಕೆಯ ಮೇಲೆ ಕೇವಲ 80 ಪ್ರೇಕ್ಷಕರನ್ನು ಕೂರಿಸಿ, ಒಂದು ದೃಶ್ಯದಿಂದ ಇನ್ನೊಂದಕ್ಕೆ ಪ್ರೇಕ್ಷಕರನ್ನೇ ಸಾಗಿಸಿದ ಆ ಪ್ರಯೋಗ ಮೆಚ್ಚುಗೆ ಗಳಿಸಿತು. ಮರುವರ್ಷ ದೊಡ್ಡ ರಂಗಮಂದಿರದಲ್ಲಿ ನಡೆದ ಪ್ರಯೋಗ ನೆಲಕಚ್ಚಿತು. 1981ರ ಆರಂಭದಲ್ಲಿ ಬಿಬಿಸಿ ದೂರದರ್ಶನದಲ್ಲಿ ಆರು ಕಂತುಗಳ ಧಾರಾವಾಹಿ ಪ್ರಸಾರವಾಯಿತು. ಅದರಲ್ಲಿ ಜಾಫೋಡ್‌ನ ಹೆಗಲ ಮೇಲಿದ್ದ ಯಾಂತ್ರಿಕ ಎರಡನೇ ತಲೆ ಅಲುಗಾಡದೆ ಕುಳಿತು ನಗೆಪಾಟಲಾಯಿತು. ಆದರೆ ಕೈಪಿಡಿಯ ಪುಟಗಳನ್ನು ತೋರಿಸಲು ಕೈಯಲ್ಲೇ ಬಿಡಿಸಿ, ಗಣಕಯಂತ್ರದ ಪರದೆಯಂತೆ ಕಾಣಿಸಿದ ಚಿತ್ರಗಳಿಗೆ ಪ್ರಶಸ್ತಿ ಬಂತು. 1984ರಲ್ಲಿ ಇದೇ ಕಥೆ ಕಂಪ್ಯೂಟರ್ ಆಟವೂ ಆಯಿತು.

ಇವುಗಳಲ್ಲಿ ಒಂದರ ಕಥೆಗೂ ಇನ್ನೊಂದರ ಕಥೆಗೂ ತಾಳೆಯಾಗುವುದಿಲ್ಲ. ಹೊಸ ಮಾಧ್ಯಮಕ್ಕೆ ಹೋದಾಗಲೆಲ್ಲ ಆಡಮ್ಸ್ ತಮ್ಮ ಕಥೆಯನ್ನು ತಾವೇ ತಿದ್ದಿದರು, ಹಿಂದೆ ಹೇಳಿದ್ದಕ್ಕೆ ವಿರುದ್ಧವಾಗಿಯೂ ಬರೆದರು. ಒಂದರಲ್ಲಿದ್ದ ಪ್ರಸಂಗ ಮತ್ತೊಂದರಲ್ಲಿ ಮಾಯವಾಯಿತು. ಲೇಖಕರೇ ಪಾಲಿಸದ ನಿಷ್ಠೆಯನ್ನು ಸಿನಿಮಾದಿಂದ ನಿರೀಕ್ಷಿಸುವುದು ಎಷ್ಟರಮಟ್ಟಿಗೆ ಸರಿ ಎಂಬ ಪ್ರಶ್ನೆ ಇಲ್ಲಿಂದಲೇ ಏಳುತ್ತದೆ.

ಇಪ್ಪತ್ತು ವರ್ಷಗಳ ಅಲೆದಾಟ

ಹಾಲಿವುಡ್‌ನೊಂದಿಗೆ ಆಡಮ್ಸ್ ಅವರ ಒಡನಾಟ ಆರಂಭವಾದದ್ದು 1982ರಲ್ಲಿ. ನಿರ್ಮಾಪಕ ಐವನ್ ರೈಟ್‌ಮನ್ ಮತ್ತು ಸಂಗಡಿಗರು ಆಗ ಚಿತ್ರದ ಹಕ್ಕನ್ನು ಪಡೆದರು. ಚಿತ್ರಕಥೆಗಾಗಿ ಆಡಮ್ಸ್ ಲಾಸ್ ಏಂಜಲೀಸ್‌ಗೆ ತೆರಳಿ ಕರಡಿನ ಮೇಲೆ ಕರಡು ಬರೆದರು. ಒಮ್ಮತ ಮೂಡಲಿಲ್ಲ. ಅಷ್ಟರಲ್ಲಿ ರೈಟ್‌ಮನ್ ಅವರ ಕೈಗೆ ಬೇರೊಂದು ಕಥೆ ಸಿಕ್ಕಿ, 1984ರಲ್ಲಿ ಅದು 'ಘೋಸ್ಟ್‌ಬಸ್ಟರ್ಸ್' ಆಗಿ ಭಾರಿ ಯಶಸ್ಸು ಕಂಡಿತು. ಹಿಚ್‌ಹೈಕರ್ಸ್ ಮೂಲೆ ಸೇರಿತು.

ಹಾಸ್ಯ ಮತ್ತು ವೈಜ್ಞಾನಿಕ ಕಲ್ಪನೆ ಒಂದೇ ಚಿತ್ರದಲ್ಲಿ ಹೊಂದಿಕೊಳ್ಳುವುದಿಲ್ಲ ಎಂಬ ಭಾವನೆ ಚಿತ್ರೋದ್ಯಮದಲ್ಲಿ ಬಹುಕಾಲ ಬೇರೂರಿತ್ತು. 1997ರಲ್ಲಿ 'ಮೆನ್ ಇನ್ ಬ್ಲ್ಯಾಕ್' ಗೆದ್ದ ಮೇಲೆ ಗಾಳಿ ಬದಲಾಯಿತು. ಮರುವರ್ಷ ಡಿಸ್ನಿ ಸಂಸ್ಥೆಯೊಡನೆ ಒಪ್ಪಂದವಾಗಿ, 'ಆಸ್ಟಿನ್ ಪವರ್ಸ್' ಖ್ಯಾತಿಯ ಜೇ ರೋಚ್ ನಿರ್ದೇಶಿಸುವ ಮಾತು ನಡೆಯಿತು. ಆಡಮ್ಸ್ ಕುಟುಂಬ ಸಮೇತ ಕ್ಯಾಲಿಫೋರ್ನಿಯಾಕ್ಕೆ ವಾಸ ಬದಲಾಯಿಸಿದರು. ಆದರೂ ಕೆಲಸ ಮುಂದೆ ಸಾಗಲಿಲ್ಲ. ಹಾಲಿವುಡ್‌ನಲ್ಲಿ ಚಿತ್ರ ಮಾಡುವುದೆಂದರೆ ಮಾಂಸದ ತುಂಡನ್ನು ಬೆಂಕಿಯಲ್ಲಿ ಬೇಯಿಸುವ ಬದಲು ಒಬ್ಬೊಬ್ಬರಾಗಿ ಜನ ಬಂದು ಅದರ ಮೇಲೆ ಉಸಿರು ಬಿಟ್ಟು ಬೇಯಿಸಲು ನೋಡಿದಂತೆ ಎಂದು ಅವರು ಗೇಲಿ ಮಾಡಿದ್ದುಂಟು.

2001ರ ಮೇ 11ರಂದು ವ್ಯಾಯಾಮಶಾಲೆಯಲ್ಲಿ ಹೃದಯಾಘಾತವಾಗಿ ಆಡಮ್ಸ್ ಅಸುನೀಗಿದರು. ಆಗ ಅವರಿಗೆ 49 ವರ್ಷ. ಎರಡು ವಾರಗಳ ನಂತರ, ಮೇ 25ರಂದು, ಅವರ ಅಭಿಮಾನಿಗಳು ಹೆಗಲ ಮೇಲೆ ಟವೆಲ್ ಹಾಕಿಕೊಂಡು ನೆನಪಿನ ದಿನ ಆಚರಿಸಿದರು. ಅಂತರಿಕ್ಷ ಪ್ರಯಾಣಿಕನಿಗೆ ಟವೆಲ್‌ಗಿಂತ ಉಪಯುಕ್ತ ವಸ್ತು ಬೇರಿಲ್ಲ ಎಂಬ ಪುಸ್ತಕದ ಹಾಸ್ಯವೇ ಇದಕ್ಕೆ ಆಧಾರ. ಆ ಆಚರಣೆ ಇಂದಿಗೂ ಪ್ರತಿವರ್ಷ ನಡೆಯುತ್ತಿದೆ.

ಲೇಖಕರ ಸಾವು ಚಿತ್ರದ ಯೋಜನೆಗೆ ಹೊಸ ಭಾರವನ್ನು ಹೊರಿಸಿತು. ಅದುವರೆಗೆ ಅದೊಂದು ಕೈಗೂಡದ ವ್ಯವಹಾರವಾಗಿತ್ತು. ಇನ್ನು ಮುಂದೆ ಅದು ತೀರಿಹೋದವರ ಆಸೆ. ಅವರು ಬಿಟ್ಟುಹೋದ ಕರಡನ್ನು 'ಚಿಕನ್ ರನ್' ಚಿತ್ರದ ಬರಹಗಾರ ಕ್ಯಾರಿ ಕರ್ಕ್‌ಪ್ಯಾಟ್ರಿಕ್ ಪೂರ್ಣಗೊಳಿಸಿದರು. ಸಂಗೀತದ ವಿಡಿಯೊಗಳಿಂದ ಹೆಸರಾಗಿದ್ದ ಗಾರ್ತ್ ಜೆನಿಂಗ್ಸ್ ಮತ್ತು ನಿಕ್ ಗೋಲ್ಡ್‌ಸ್ಮಿತ್ ಜೋಡಿಯ ಪೈಕಿ ಮೊದಲಿನವರು ನಿರ್ದೇಶನವನ್ನು, ಎರಡನೆಯವರು ನಿರ್ಮಾಣವನ್ನು ವಹಿಸಿಕೊಂಡರು. ಮಾರ್ಟಿನ್ ಫ್ರೀಮನ್ ಆರ್ಥರ್ ಆದರು. ಮೋಸ್ ಡೆಫ್, ಸ್ಯಾಮ್ ರಾಕ್‌ವೆಲ್, ಜೂಯಿ ಡೆಶನೆಲ್, ಬಿಲ್ ನಾಯ್, ಜಾನ್ ಮಾಲ್ಕೊವಿಚ್ ಉಳಿದ ಪಾತ್ರಗಳಿಗೆ ಬಂದರು. ಮಾರ್ವಿನ್‌ನ ಕವಚದೊಳಗೆ ವಾರ್ವಿಕ್ ಡೇವಿಸ್ ಇದ್ದರೆ, ಧ್ವನಿ ಅಲನ್ ರಿಕ್‌ಮನ್ ಅವರದು. ಕೈಪಿಡಿಯ ಧ್ವನಿಯಾದವರು ಆಡಮ್ಸ್ ಅವರ ಗೆಳೆಯ ಸ್ಟೀಫನ್ ಫ್ರೈ.

ಮುನಿದವರ ದೂರು

ಅಭಿಮಾನಿಗಳ ಮೊದಲ ಆಕ್ಷೇಪ ಮಾತುಗಳಿಗೆ ಬಿದ್ದ ಕತ್ತರಿಯನ್ನು ಕುರಿತದ್ದು. ಆಡಮ್ಸ್ ಅವರ ಜೀವನಚರಿತ್ರೆ ಬರೆದಿದ್ದ ಎಂ.ಜೆ. ಸಿಂಪ್ಸನ್ ಚಿತ್ರವನ್ನು ಮೊದಲೇ ನೋಡಿ ಬರೆದ ದೀರ್ಘ ವಿಮರ್ಶೆ ಅತ್ಯಂತ ಕಟುವಾಗಿತ್ತು. ನಗೆ ಹುಟ್ಟಿಸುವ ಮಾತುಗಳನ್ನೇ ಹುಡುಕಿ ತೆಗೆದುಹಾಕಿದಂತಿದೆ ಎಂಬುದು ಅವರಂತೆ ನೊಂದವರೆಲ್ಲರ ದೂರಿನ ಸಾರ. ಇದಕ್ಕೆ ಅವರು ಕೊಡುವ ಉದಾಹರಣೆ ಕಥೆಯ ಆರಂಭದಲ್ಲೇ ಇದೆ. ರಸ್ತೆಯ ನಕ್ಷೆ ನೋಡಲು ಆರ್ಥರ್ ಪಟ್ಟ ಪಾಡನ್ನು ಪುಸ್ತಕ ಮೆಟ್ಟಿಲು ಮೆಟ್ಟಿಲಾಗಿ ಬಿಚ್ಚುತ್ತದೆ. ನೆಲಮಾಳಿಗೆ, ಅಲ್ಲಿ ದೀಪವಿಲ್ಲ, ಮೆಟ್ಟಿಲೂ ಇಲ್ಲ, ಬೀಗ ಹಾಕಿದ ಕಪಾಟು, ಅದಿರುವುದು ಬಳಕೆಯಲ್ಲಿಲ್ಲದ ಶೌಚಾಲಯದಲ್ಲಿ, ಬಾಗಿಲ ಮೇಲೆ ಚಿರತೆ ಇದೆಯೆಂಬ ಎಚ್ಚರಿಕೆ ಫಲಕ. ಒಂದೊಂದು ಮೆಟ್ಟಿಲೂ ಹಿಂದಿನದಕ್ಕಿಂತ ಅಸಂಬದ್ಧ, ಆದರೆ ಪ್ರತಿಯೊಂದಕ್ಕೂ ಅಧಿಕಾರಿಯ ಬಳಿ ಉತ್ತರ ಸಿದ್ಧ. ಸಿನಿಮಾ ಈ ಮಾತುಕತೆಯನ್ನು ಮೊಟಕುಗೊಳಿಸಿ ಮುಂದೆ ಓಡುತ್ತದೆ. ಸುದ್ದಿ ಉಳಿಯುತ್ತದೆ, ನಗು ಹೋಗುತ್ತದೆ.

ಎರಡನೆಯ ಆಕ್ಷೇಪ ಪ್ರೇಮಕಥೆಯದು. ಪುಸ್ತಕದಲ್ಲಿ ಆರ್ಥರ್ ಯಾವುದೋ ಸಂತೋಷಕೂಟದಲ್ಲಿ ಟ್ರಿಲಿಯನ್‌ಳನ್ನು ಭೇಟಿಯಾಗಿ ಅವಳನ್ನು ಕಳೆದುಕೊಂಡದ್ದು ಒಂದು ಮುಜುಗರದ ನೆನಪು, ಅಷ್ಟೆ. ಸಿನಿಮಾದಲ್ಲಿ ಅದೇ ಕಥೆಯ ಬೆನ್ನೆಲುಬಾಗಿ, ಕೊನೆಗೆ ಇಬ್ಬರೂ ಒಂದಾಗುತ್ತಾರೆ. ಭೂಮಿಯೂ ಮರಳಿ ರೂಪುಗೊಳ್ಳುತ್ತದೆ. ಬ್ರಹ್ಮಾಂಡಕ್ಕೆ ಮನುಷ್ಯನ ಗೊಡವೆಯೇ ಇಲ್ಲ ಎಂಬ ತಣ್ಣನೆಯ ತಿಳಿವಳಿಕೆಯಿಂದ ಹುಟ್ಟಿದ ಹಾಸ್ಯಕ್ಕೆ ಇಂಥ ಸುಖಾಂತ ಹೊಂದುವುದಿಲ್ಲ ಎಂದು ಹಳೆಯ ಓದುಗರು ವಾದಿಸಿದರು. ಪುಸ್ತಕದ ಆರ್ಥರ್ ಬಯಸುವುದು ಒಂದು ಲೋಟ ಒಳ್ಳೆಯ ಚಹಾ ಮಾತ್ರ. ಅವನನ್ನು ಪ್ರೇಮಿಯನ್ನಾಗಿ ಮಾಡಿದ್ದು ಅವರಿಗೆ ಸಹಿಸಲಿಲ್ಲ.

ಮೂರನೆಯದು ಹೊಸ ಸೇರ್ಪಡೆಗಳು. ಮಾಲ್ಕೊವಿಚ್ ನಟಿಸಿದ ಧರ್ಮಗುರುವಿನ ಪಾತ್ರ, ಗುರಿಯಿಟ್ಟು ಹೊಡೆದರೆ ಹೊಡೆದವರ ಮನಸ್ಸಿನ ಭಾವ ಎದುರಿನವರಿಗೆ ಅರ್ಥವಾಗುವ ವಿಚಿತ್ರ ಬಂದೂಕು ಪುಸ್ತಕದಲ್ಲಿಲ್ಲ. ಹಾಲಿವುಡ್ ತುರುಕಿದ ಸರಕು ಎಂದು ಇವನ್ನು ಅನೇಕರು ಜರೆದರು. ವಿಪರ್ಯಾಸವೆಂದರೆ, ಇವೆರಡನ್ನೂ ಚಿತ್ರಕ್ಕಾಗಿ ಕಲ್ಪಿಸಿದವರು ಸ್ವತಃ ಆಡಮ್ಸ್.

ಮೆಚ್ಚಿದವರ ಮಾತು

ಇನ್ನೊಂದು ಗುಂಪು ಕಂಡ ಚಿತ್ರವೇ ಬೇರೆ. ಗ್ರಹಗಳನ್ನು ತಯಾರಿಸುವ ಕಾರ್ಖಾನೆಯೊಳಗೆ ವೃದ್ಧ ಸ್ಲಾರ್ಟಿಬಾರ್ಟ್‌ಫಾಸ್ಟ್ ಆರ್ಥರ್‌ನನ್ನು ಕರೆದೊಯ್ಯುವ ದೃಶ್ಯ ಅವರ ಎದೆ ತುಂಬಿಸಿತು. ಪುಸ್ತಕದಲ್ಲಿ ಮಾತುಗಳಲ್ಲಷ್ಟೇ ಇದ್ದ ಅಗಾಧತೆ ಅಲ್ಲಿ ಕಣ್ಣಿಗೆ ಕಂಡಿತ್ತು. ವೋಗನ್‌ರನ್ನು ಕಂಪ್ಯೂಟರ್ ಚಿತ್ರಗಳಾಗಿ ಮಾಡದೆ ಜಿಮ್ ಹೆನ್ಸನ್ ಸಂಸ್ಥೆಯ ಕುಶಲಿಗಳು ನಿಜವಾದ ಬೊಂಬೆಗಳಾಗಿ ಕಟ್ಟಿದ್ದರು. ಅವರ ಜೋಲುಮುಖದ ದರ್ಪವನ್ನು ನೋಡಿ ಯಾವ ದೇಶದ ಸರಕಾರಿ ಕಚೇರಿಯಲ್ಲಾದರೂ ಕಾದು ನಿಂತವರು ನಗದಿರಲಾರರು.

ಚಿತ್ರ ತಯಾರಿಸಿದವರು ಹಳಬರನ್ನು ಮರೆತಿರಲಿಲ್ಲ ಎಂಬುದಕ್ಕೂ ಗುರುತುಗಳಿದ್ದವು. ಬಾನುಲಿ ಮತ್ತು ದೂರದರ್ಶನದ ಆರ್ಥರ್ ಆಗಿದ್ದ ಸೈಮನ್ ಜೋನ್ಸ್ ಒಂದು ಪುಟ್ಟ ಪಾತ್ರದಲ್ಲಿ ಕಾಣಿಸಿಕೊಂಡರು. ವೋಗನ್ ಕಚೇರಿಯ ಸರತಿ ಸಾಲಿನಲ್ಲಿ 1981ರ ಧಾರಾವಾಹಿಯ ಹಳೆಯ ಮಾರ್ವಿನ್ ನಿಂತಿದ್ದ. ಭೂಮಿ ಬಿಟ್ಟು ಹೊರಡುವ ಡಾಲ್ಫಿನ್‌ಗಳ ವಿದಾಯವನ್ನು ಹಾಡಾಗಿಸಿ ಚಿತ್ರವನ್ನು ಆರಂಭಿಸಲಾಗಿತ್ತು. ಚಿತ್ರವನ್ನು ಆಡಮ್ಸ್ ಅವರಿಗೆ ಅರ್ಪಿಸಲಾಗಿತ್ತು. ಇದನ್ನೆಲ್ಲ ಕಂಡ ಅಭಿಮಾನಿಗಳಿಗೆ ಅದು ಸಿನಿಮಾಗಿಂತ ಹೆಚ್ಚಾಗಿ ಒಂದು ಶ್ರದ್ಧಾಂಜಲಿಯಾಗಿ ತೋರಿದ್ದು ಸಹಜ.

ಅಮೆರಿಕದಲ್ಲಿ ಮೊದಲ ವಾರಾಂತ್ಯ ಚಿತ್ರ ಗಳಿಕೆಯಲ್ಲಿ ಅಗ್ರಸ್ಥಾನ ಪಡೆಯಿತು. ಜಗತ್ತಿನಾದ್ಯಂತ ಸುಮಾರು 10 ಕೋಟಿ ಡಾಲರ್ ಗಳಿಸಿತು. ಸೋಲೆನ್ನುವಂತಿಲ್ಲ, ದೊಡ್ಡ ಗೆಲುವೆನ್ನುವಂತೆಯೂ ಇಲ್ಲ. ಕಥೆಯನ್ನು ಮುಂದುವರಿಸುವ ಸುಳಿವನ್ನು ಕೊನೆಯಲ್ಲಿ ಕೊಟ್ಟಿದ್ದರೂ ಎರಡನೆಯ ಚಿತ್ರ ಬರಲಿಲ್ಲ.

ನಗು ಇರುವುದು ಎಲ್ಲಿ?

ಈ ಭಿನ್ನಾಭಿಪ್ರಾಯದ ಬುಡ ಕಥೆಯಲ್ಲಿಲ್ಲ, ಕಥೆ ಹೇಳುವ ಬಗೆಯಲ್ಲಿದೆ. ಹಾಸ್ಯದಲ್ಲಿ ಎರಡು ಬಗೆ. ಒಂದು, ಘಟನೆಯಲ್ಲೇ ಇರುವ ಹಾಸ್ಯ. ಒಬ್ಬ ಜಾರಿ ಬೀಳುತ್ತಾನೆ, ನೋಡಿದವರು ನಗುತ್ತಾರೆ. ಇದನ್ನು ಕ್ಯಾಮೆರಾ ಸುಲಭವಾಗಿ ಹಿಡಿಯುತ್ತದೆ. ಇನ್ನೊಂದು, ವಾಕ್ಯದಲ್ಲೇ ಇರುವ ಹಾಸ್ಯ. ನಡೆದದ್ದು ಏನೂ ವಿಶೇಷವಲ್ಲ, ಹೇಳಿದ ರೀತಿಗೆ ನಗು ಬರುತ್ತದೆ. ಆಡಮ್ಸ್ ಎರಡನೆಯ ಬಗೆಯವರು. ವೋಗನ್ ನೌಕೆಗಳು ಆಕಾಶದಲ್ಲಿ ನಿಂತ ಪರಿಯನ್ನು ಅವರು ತಲೆಕೆಳಗಾದ ಹೋಲಿಕೆಯಿಂದ ವರ್ಣಿಸುತ್ತಾರೆ. ಯಾವ ವಸ್ತು ಹಾಗೆ ನಿಲ್ಲುವುದು ಸಾಧ್ಯವೇ ಇಲ್ಲವೋ ಅದನ್ನೇ ಉಪಮೆಯಾಗಿ ತರುತ್ತಾರೆ. ಆ ಸಾಲನ್ನು ಓದಿದವರು ಮರೆಯಲಾರರು. ಆದರೆ ಅದನ್ನು ಚಿತ್ರೀಕರಿಸುವುದು ಹೇಗೆ? ಕ್ಯಾಮೆರಾ ತೋರಿಸಬಲ್ಲದ್ದು ಆಕಾಶದಲ್ಲಿ ನಿಂತ ನೌಕೆಗಳನ್ನು ಮಾತ್ರ. ಉಪಮೆಗೆ ರೂಪವಿಲ್ಲ.

ಬಾನುಲಿಗೆ ಈ ಕಷ್ಟವಿರಲಿಲ್ಲ. ಅಲ್ಲಿ ಇರುವುದೇ ಧ್ವನಿ. ಕೈಪಿಡಿಯ ನಿರೂಪಕ ಕಥೆಯನ್ನು ನಿಲ್ಲಿಸಿ ಎರಡು ನಿಮಿಷ ಬೇರೇನನ್ನೋ ವಿವರಿಸಿದರೂ ಕೇಳುಗ ಬೇಸರಪಡುವುದಿಲ್ಲ. ಪುಸ್ತಕದಲ್ಲೂ ಅಷ್ಟೆ, ಓದುಗ ತನ್ನ ವೇಗದಲ್ಲಿ ಓದುತ್ತಾನೆ, ಬೇಕಾದ ಸಾಲಿಗೆ ಮರಳಿ ಬರುತ್ತಾನೆ. ಸಿನಿಮಾದ ನಿಯಮ ಬೇರೆ. ಅಲ್ಲಿ ಕಥೆ ನಿಂತರೆ ಪ್ರೇಕ್ಷಕ ಗಡಿಯಾರ ನೋಡುತ್ತಾನೆ. ಎರಡು ಗಂಟೆಯೊಳಗೆ ಒಬ್ಬ ನಾಯಕ, ಅವನಿಗೊಂದು ಬಯಕೆ, ಅದಕ್ಕೊಂದು ಅಡ್ಡಿ, ಕೊನೆಗೊಂದು ಮುಕ್ತಾಯ ಬೇಕು. ಅಡ್ಡದಾರಿಗಳೇ ಜೀವಾಳವಾದ ಪುಸ್ತಕಕ್ಕೆ ಈ ನೇರ ದಾರಿಯನ್ನು ಹಾಸಿದಾಗ ಪ್ರೇಮಕಥೆ ಒಳಗೆ ಬರುತ್ತದೆ, ಅಡ್ಡಮಾತುಗಳು ಹೊರಗೆ ಹೋಗುತ್ತವೆ.

ಇದಕ್ಕೆ ಪ್ರತಿಯಾಗಿ ಚಿತ್ರದೊಳಗೇ ಒಂದು ಸಾಕ್ಷ್ಯವಿದೆ. ಆಕಾಶದಲ್ಲಿ ಇದ್ದಕ್ಕಿದ್ದಂತೆ ಹುಟ್ಟಿಕೊಂಡ ತಿಮಿಂಗಿಲವೊಂದು ನೆಲಕ್ಕೆ ಬೀಳುವವರೆಗಿನ ಕೆಲವೇ ಕ್ಷಣಗಳಲ್ಲಿ ತಾನು ಯಾರು, ಇದೆಲ್ಲ ಏನು ಎಂದು ಬೆರಗಿನಿಂದ ಯೋಚಿಸುವ ಪ್ರಸಂಗವನ್ನು ಚಿತ್ರ ಬಹುಪಾಲು ಇದ್ದಂತೆಯೇ ಉಳಿಸಿಕೊಂಡಿದೆ. ಅಲ್ಲಿ ಮಾತು ತನ್ನ ಪಾಡಿಗೆ ಹರಿಯುತ್ತದೆ, ಚಿತ್ರ ಅದನ್ನು ಹಿಂಬಾಲಿಸುತ್ತದೆ. ಫ್ರೈ ಅವರ ಧ್ವನಿಗೆ ಸರಳ ರೇಖೆಗಳ ಚಲನಚಿತ್ರ ಜೊತೆಯಾದ ಕೈಪಿಡಿಯ ತುಣುಕುಗಳೂ ಹಾಗೆಯೇ. ಮುನಿದ ಅಭಿಮಾನಿಗಳಲ್ಲೂ ಅನೇಕರು ಈ ಭಾಗಗಳನ್ನು ಮೆಚ್ಚಿದರು. ನಿರೂಪಕನ ಮಾತನ್ನು ನಂಬಿದ ಕಡೆ ಚಿತ್ರ ಗೆದ್ದಿತು, ಅದನ್ನು ಕಂಡು ಅಂಜಿದ ಕಡೆ ಸೊರಗಿತು ಎನ್ನಬಹುದು.

ಅದೇ ದಿನಗಳಲ್ಲಿ ಇನ್ನೊಂದು ಹೋಲಿಕೆಯೂ ಅಭಿಮಾನಿಗಳ ಮುಂದಿತ್ತು. 2005ರ ಮೇ ತಿಂಗಳಿನಲ್ಲೇ ಬಿಬಿಸಿ ರೇಡಿಯೊ 4 ಕೊನೆಯ ಎರಡು ಕಾದಂಬರಿಗಳನ್ನು ಹಳೆಯ ಕಲಾವಿದರಿಂದಲೇ ಆಡಿಸಿ ಪ್ರಸಾರ ಮಾಡಲಾರಂಭಿಸಿತು. ಪೀಟರ್ ಜೋನ್ಸ್ 2000ದಲ್ಲಿ ತೀರಿಕೊಂಡಿದ್ದರಿಂದ ಕೈಪಿಡಿಯ ಧ್ವನಿ ಮಾತ್ರ ಬೇರೆಯವರದಾಗಿತ್ತು. ಕಥೆ ಹುಟ್ಟಿದ ಮನೆಯಲ್ಲೇ ಅದನ್ನು ಕೇಳಿದವರಿಗೆ ಚಿತ್ರಮಂದಿರದ ಕೊರತೆ ಇನ್ನಷ್ಟು ಎದ್ದು ಕಂಡಿದ್ದರೆ ಆಶ್ಚರ್ಯವಿಲ್ಲ.

ಬೇರೆಯವರ ಅನುಭವ

ಈ ತೊಡಕು ಆಡಮ್ಸ್ ಒಬ್ಬರದಲ್ಲ. ಅಮೆರಿಕದ ಕರ್ಟ್ ವಾನೆಗಟ್ ಅವರ 'ಸ್ಲಾಟರ್‌ಹೌಸ್ ಫೈವ್' ಯುದ್ಧದ ಭೀಕರತೆಯನ್ನು ಕಹಿನಗೆಯಲ್ಲಿ, ಅನ್ಯಗ್ರಹವಾಸಿಗಳ ಕಥೆಯೊಡನೆ ಬೆರೆಸಿ ಹೇಳಿದ ಕಾದಂಬರಿ. ಜಾರ್ಜ್ ರಾಯ್ ಹಿಲ್ 1972ರಲ್ಲಿ ಅದನ್ನು ಚಿತ್ರವಾಗಿಸಿದಾಗ ಲೇಖಕರ ಸ್ವಂತ ಧ್ವನಿಯನ್ನೂ, ಪುಸ್ತಕದಲ್ಲಿ ಸಾವಿನ ಪ್ರಸ್ತಾಪ ಬಂದಾಗಲೆಲ್ಲ ಮರುಕಳಿಸುವ ಪುಟ್ಟ ಪಲ್ಲವಿಯನ್ನೂ ಕೈಬಿಟ್ಟರು. ಕಾಲ ಹಿಂದುಮುಂದಾಗುವುದನ್ನು ಮಾತ್ರ ದೃಶ್ಯಗಳ ಜೋಡಣೆಯಲ್ಲಿ ಸಾಧಿಸಿದರು. ಕಾನ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ಪ್ರಶಸ್ತಿ ಬಂತು, ವಾನೆಗಟ್ ಕೂಡ ಮನಸಾರೆ ಮೆಚ್ಚಿದರು. ಅದೇ ಲೇಖಕರ 'ಬ್ರೇಕ್‌ಫಾಸ್ಟ್ ಆಫ್ ಚಾಂಪಿಯನ್ಸ್' 1999ರಲ್ಲಿ ಬ್ರೂಸ್ ವಿಲ್ಲಿಸ್ ಅವರಂಥ ತಾರೆ ಇದ್ದೂ ಬಂದಷ್ಟೇ ಬೇಗ ಮರೆಯಾಯಿತು. ಲೇಖಕನ ಕೈಬರಹದ ಚಿತ್ರಗಳು, ನಡುನಡುವೆ ಅವನೇ ಬಂದು ಆಡುವ ಮಾತುಗಳಿಂದ ಕಟ್ಟಿದ ಪುಸ್ತಕಕ್ಕೆ ತೆರೆಯ ಮೇಲೆ ಸಮನಾದದ್ದು ಸಿಗಲಿಲ್ಲ.

ರಷ್ಯದಲ್ಲಿ ಸ್ಟ್ರುಗಾಟ್‌ಸ್ಕಿ ಸಹೋದರರ 'ಸೋಮವಾರ ಶನಿವಾರವೇ ಆರಂಭವಾಗುತ್ತದೆ' ಎಂಬ ಅರ್ಥದ ಹೆಸರಿನ 1965ರ ಕಾದಂಬರಿ ಮಾಂತ್ರಿಕರ ಸಂಶೋಧನಾಲಯವೊಂದರ ವಿನೋದದ ಕಥೆ. ಸೋದರರು ತಾವೇ ಚಿತ್ರಕಥೆ ಬರೆದ 1982ರ 'ಚರೊದೇಯಿ' ಎಂಬ ದೂರದರ್ಶನ ಚಿತ್ರದಲ್ಲಿ ಪುಸ್ತಕದ ಕಥೆ ಹೆಚ್ಚೇನೂ ಉಳಿದಿಲ್ಲ. ಅದು ಹೊಸ ವರ್ಷದ ಮುನ್ನಾದಿನದ ಹಾಡು, ಪ್ರೇಮಗಳ ಚಿತ್ರ. ಓದುಗರು ಪೆಚ್ಚಾದರೂ ನೋಡುಗರು ಅದನ್ನು ಹಬ್ಬದ ಚಿತ್ರವಾಗಿ ಉಳಿಸಿಕೊಂಡರು. ಇತ್ತೀಚಿನ ಉದಾಹರಣೆ ಎಡ್ವರ್ಡ್ ಆಷ್ಟನ್ ಅವರ 2022ರ ಕಾದಂಬರಿ 'ಮಿಕಿ 7'. ಸತ್ತಾಗಲೆಲ್ಲ ಮತ್ತೆ ಅಚ್ಚು ಹಾಕಿಸಿಕೊಳ್ಳುವ ಕೂಲಿಯಾಳಿನ ಈ ಕಥೆಯನ್ನು ಕೊರಿಯದ ಬಾಂಗ್ ಜೂನ್ ಹೋ 2025ರಲ್ಲಿ 'ಮಿಕಿ 17' ಆಗಿಸಿದರು. ಸಾವಿನ ಲೆಕ್ಕ ಏರಿತು, ವ್ಯಂಗ್ಯ ರಾಜಕೀಯದತ್ತ ಹೊರಳಿತು.

ಯಾವುದು ಮೂಲ?

ಮರಳಿ ಆಡಮ್ಸ್ ಅವರತ್ತ ಬಂದರೆ, ಈ ವಿವಾದದಲ್ಲಿ ತೀರ್ಪು ಕೊಡಬಲ್ಲವರು ಒಬ್ಬರೇ ಇದ್ದರು, ಅವರು ತೀರಿಹೋಗಿದ್ದರು. ಚಿತ್ರ ತೆಗೆದವರು ಅವರ ಕೊನೆಯ ಕರಡನ್ನು ಮುಂದಿಟ್ಟರು. ಮುನಿದವರು ಅವರ ಪುಸ್ತಕವನ್ನು ಮುಂದಿಟ್ಟರು. ಇಬ್ಬರ ಕೈಯಲ್ಲಿದ್ದುದೂ ಆಡಮ್ಸ್ ಬರೆದದ್ದೇ. ಕಥೆಯನ್ನು ಬದಲಿಸಿದರೆಂಬುದಷ್ಟೇ ದೂರಾಗಿದ್ದರೆ ಅದು ನಿಲ್ಲುತ್ತಿರಲಿಲ್ಲ, ಏಕೆಂದರೆ ಬದಲಿಸುವುದು ಲೇಖಕರ ರೂಢಿಯೇ ಆಗಿತ್ತು. ಆದರೆ ಆಡಮ್ಸ್ ಕಥೆಯನ್ನು ಎಷ್ಟು ಸಲ ಕೆಡವಿ ಕಟ್ಟಿದರೂ ಒಂದನ್ನು ಬಿಟ್ಟುಕೊಟ್ಟಿರಲಿಲ್ಲ. ಅದು ಅವರ ವಾಕ್ಯದ ಲಯ. ಅಭಿಮಾನಿಗಳು ಹುಡುಕಿದ್ದು ಅದನ್ನು. ಆ ಲಯ ಸಿಕ್ಕಲ್ಲಿ ಅವರಿಗೆ ಹಳೆಯ ಗೆಳೆಯನ ದನಿ ಕೇಳಿಸಿತು, ಸಿಗದಲ್ಲಿ ಅವನು ಇನ್ನಿಲ್ಲ ಎಂಬುದು ಮತ್ತೊಮ್ಮೆ ಖಚಿತವಾಯಿತು. ಸಿಟ್ಟಿನ ಹಿಂದೆ ಇದ್ದದ್ದು ಬಹುಶಃ ಈ ದುಃಖ.

2003ರಲ್ಲಿ ಬಿಬಿಸಿ ಬ್ರಿಟನ್ನಿನ ಜನರ ಅಚ್ಚುಮೆಚ್ಚಿನ ಕಾದಂಬರಿ ಯಾವುದೆಂದು ಮತ ಕೇಳಿದಾಗ ಹಿಚ್‌ಹೈಕರ್ಸ್ ಗೈಡ್ ನಾಲ್ಕನೆಯ ಸ್ಥಾನ ಪಡೆದಿತ್ತು. ಚಿತ್ರ ಬಂದು ಹೋದ ಮೇಲೂ ಪುಸ್ತಕ ಮುದ್ರಣದಲ್ಲಿದೆ, ಬಾನುಲಿ ನಾಟಕವನ್ನು ಇಂದಿಗೂ ಜನ ಕೇಳುತ್ತಾರೆ. ಚಿತ್ರವನ್ನು ಮೊದಲು ನೋಡಿ, ಆಮೇಲೆ ಪುಸ್ತಕ ಹಿಡಿದ ಹೊಸ ಪೀಳಿಗೆಯ ಓದುಗರಿಗೆ ಫ್ರೀಮನ್ ಅವರೇ ಆರ್ಥರ್, ರಿಕ್‌ಮನ್ ಅವರ ಧ್ವನಿಯೇ ಮಾರ್ವಿನ್. ನಾಳೆ ಇನ್ನೊಬ್ಬರು ಇದನ್ನು ಮತ್ತೆ ತೆರೆಗೆ ತಂದರೆ, ಹಳೆಯ ಸಿನಿಮಾದಷ್ಟು ಚೆನ್ನಾಗಿಲ್ಲ ಎಂದು ದೂರುವ ಸರದಿ ಅವರದಾಗಲಿದೆ.